ಸೊಂಟದ ಗಂಟಿನವರೆಗೆ

ನದಿಯ ಮೂಲ ಕೇಳಬಾರದಂತೆ.
ಕೇಳುವುದಕ್ಕೇ ನನಗೆ ಸಂಬಳ.

ಕೇಳುತ್ತೇನೆ: ಗಡಿಗಳಾಚೆ
ಯಾವ ಗುಡ್ಡದ ಯಾವ ಮಗ್ಗುಲಿಗೆ ಬಿದ್ದ ಹನಿ
ಎಷ್ಟು ಹಗಲು ಎಷ್ಟು ರಾತ್ರಿ ನಡೆದು
ಲಿಂಪೊಪೊದ ಈ ತಗ್ಗಿಗೆ ಬಂದು ಕೂರುತ್ತದೆ.
ಅಲ್ಲಿ ಮೋಡ ಒಡೆದರೆ ಅವರಿಗೆ ಹಬ್ಬ,
ನಾಲ್ಕನೆಯ ದಿನ ನಮ್ಮ ಹೊಸ್ತಿಲಿಗೆ.
ನೆರೆಯವರ ಮಳೆ, ನಮಗೆ ನೆರೆ.

ಕಚೇರಿಯ ಫ್ಯಾನು ಕೆಟ್ಟು ಎರಡು ವಾರ.
ಕಂಪ್ಯೂಟರು ಮಾತ್ರ ಬೆವರದೆ
ಇಡೀ ಜಲಾನಯನವನ್ನು ಮೂವತ್ತು ಮೀಟರಿನ ಚೌಕಗಳಾಗಿ ಕೊಯ್ದು
ಒಂದೊಂದನ್ನೂ ವಿಚಾರಿಸುತ್ತದೆ:
ನಿನ್ನ ಎತ್ತರ ಎಷ್ಟು? ಎಷ್ಟು ಕುಡಿಯಬಲ್ಲೆ?
ಮಿಕ್ಕಿದ್ದನ್ನು ಯಾರ ತಲೆಗೆ ಕಟ್ಟುತ್ತೀ?

ಜೊಂಡಿಗೆ ಒಂದು ಒರಟುತನ, ಮೆಕ್ಕೆಜೋಳದ ಹೊಲಕ್ಕೆ ಇನ್ನೊಂದು,
ಡಾಂಬರಿಗೆ ಬಹಳ ಕಡಿಮೆ.
ಇವನ್ನೆಲ್ಲ ಊಹಿಸಿ ತುಂಬುವವಳು ನಾನು.
ಊಹೆ ಎಂದು ಯಾರೂ ಅನ್ನುವುದಿಲ್ಲ,
ಗುಣಾಂಕ ಅನ್ನುತ್ತಾರೆ.

ಕಡತದಲ್ಲಿ ಯುದ್ಧದ ವರ್ಷಗಳುಂಟು.
ಪುಟ ತುಂಬ ಒಂದೇ ಅಂಕಿ:
ಮೈನಸ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಹನ್ನೊಂದು ವರ್ಷ ಹೊಳೆ ಪಾತಾಳಕ್ಕೆ ಇಳಿದಿತ್ತು ಅಂತಲ್ಲ.
ಅಳತೆಪಟ್ಟಿಯ ಬಳಿ ಹೋದವರು
ತಿರುಗಿ ಬರುತ್ತಿರಲಿಲ್ಲ, ಅಷ್ಟೆ.

ಜೆಫನಿಯಾಸ್ ಕೊಸ್ಸ, ಈಗಿನ ಅಳತೆಗಾರ,
ದಿನವೂ ಬೆಳಗಿನ ಆರಕ್ಕೆ ಪಟ್ಟಿ ಓದಿ ಫೋನು ಮಾಡುವವ,
ಒಂದು ದಿನ ಎರಡು ದಶಾಂಶ ಒಂದು ನಾಲ್ಕು ಎಂದು ಹೇಳಿ
ಫೋನು ಇಡದೆ ನಿಂತ.
"ಆ ವರ್ಷಗಳು ನಮ್ಮತ್ತೆಗೆ ಗೊತ್ತು."

ಅಜ್ಜಿ ರೊಸಾಲ್ಟಿನಾ ನೆಲಗಡಲೆ ಸುಲಿಯುತ್ತಿದ್ದಳು.
"ಸೈನಿಕರಿಗೂ ನೀರು ಬೇಕು,
ಅವರು ಹುಡುಕುತ್ತಿದ್ದವರಿಗೂ ಬೇಕು.
ತರುವವಳು ನಾನು. ಆ ದೊಡ್ಡ ನೀರು ಬಂದಾಗ
ರೇವಿನ ಕನ್ಯಿ ಮರ ತಬ್ಬಿ ನಿಂತಿದ್ದೆ, ಇಲ್ಲಿಯವರೆಗೆ."
ಎದ್ದು, ಕಪುಲಾನ ಬಟ್ಟೆಯ ಗಂಟು ಮುಟ್ಟಿ ತೋರಿಸಿದಳು.
ನಾನು ಟೇಪು ಬಿಚ್ಚಿದೆ. ಎಂಬತ್ತೊಂಬತ್ತು ಸೆಂಟಿಮೀಟರು.
"ತಾಳೇ, ಆಗ ನಾನು ಇಷ್ಟು ಗಿಡ್ಡ ಇರಲಿಲ್ಲ.
ನೀರಿಗಿಳಿದವಳು ಗಂಟನ್ನು ಮೇಲೆ ಕಟ್ಟಿರುವುದಿಲ್ಲವೇ?"

ನಾಲ್ಕು ಬೆರಳು ಸೇರಿಸಿದೆ,
ಯಾವ ಪಠ್ಯದಲ್ಲೂ ಇಲ್ಲದ ತಿದ್ದುಪಡಿ.
ಮರದ ಬುಡದ ಎತ್ತರಕ್ಕೆ ಕೂಡಿದೆ.
ಹನ್ನೊಂದು ವರ್ಷದ ಕತ್ತಲಿಗೆ ಒಂದು ಅಂಕಿ,
ಅದರ ಪಕ್ಕ, ನಿಯಮದ ಪ್ರಕಾರ: ಸಂದೇಹಾಸ್ಪದ.

ಮತ್ತೆ ಓಡಿಸಿದೆ. ರಾತ್ರಿ ಎರಡರ ಹೊತ್ತಿಗೆ
ನೀಲಿ ತನ್ನ ಹಳೆಯ ಗೆರೆ ದಾಟಿ
ಹೊಸ ಮಾರುಕಟ್ಟೆಗೆಂದು ಸುಣ್ಣದ ಗುರುತು ಎಳೆದ ಬಯಲಿಗೆ
ಸದ್ದಿಲ್ಲದೆ ನುಗ್ಗಿತು.

ಸಭೆಯಲ್ಲಿ ಆಡಳಿತಾಧಿಕಾರಿ ಕೇಳಿದರು:
"ನೂರು ವರ್ಷಕ್ಕೊಮ್ಮೆ ಬರುವ ನೀರು ತಾನೆ, ಇಂಜಿನಿಯರ್ ದೆಲ್ಫಿನಾ?
ಹೋದ ಸಲವೇ ಬಂದು ಹೋಯಿತಲ್ಲ."
ಊಟ ಮಾಡಿ ಹೊರಟ ನೆಂಟರ ಬಗ್ಗೆ ಹೇಳುವಂತೆ.
ಆಮೇಲೆ ನಕ್ಕರು: "ಒಬ್ಬ ಮುದುಕಿಯ ಸೊಂಟ ನಂಬಿ ಊರು ಕಟ್ಟುವುದೇ?"
ಬಾಯಿ ಕಟ್ಟಿತು.
ಆಕಾಶದಿಂದ ಅಳೆದ ನೆಲ
ಎರಡು ಮೀಟರು ತಪ್ಪಿದರೂ ನೀವು ನಂಬುತ್ತೀರಿ,
ಅಜ್ಜಿ ತಪ್ಪಿದರೆ ನಾಲ್ಕು ಬೆರಳು ಎಂಬ ಉತ್ತರ
ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹೊಳೆಯಿತು.

ನಕ್ಷೆ ತೋರಿಸಲು ಮತ್ತೆ ಹೋದೆ.
"ನನ್ನ ಆಡಿನ ಹಟ್ಟಿ ಎಲ್ಲಿ?"
ದೊಡ್ಡದು ಮಾಡಿದೆ, ಇನ್ನೂ ದೊಡ್ಡದು,
ಕೊನೆಗೆ ಪರದೆಯ ತುಂಬ ಒಂದೇ ಚೌಕ, ತಿಳಿನೀಲಿ.
ಹಟ್ಟಿ, ಮನೆ, ಕಣಜ, ಅಂಗಳದಲ್ಲಿ ಕೂತ ನಾವಿಬ್ಬರು,
ಎಲ್ಲ ಅದರೊಳಗೆ.
"ಇಲ್ಲಿ ಬರೀ ನಲವತ್ತು ಸೆಂಟಿಮೀಟರು," ಅಂದೆ,
ಸಮಾಧಾನ ಹೇಳುವವಳಂತೆ.

ಅವಳು ಬಗ್ಗಿ
ತನ್ನ ಮೊಣಕಾಲಿನ ಕೆಳಗೆ ಅಂಗೈ ಅಡ್ಡ ಹಿಡಿದಳು.
"ಇಷ್ಟಾದರೆ ಆಡು ನಿಲ್ಲುತ್ತದೆ.
ಮರಿ?"